ನಲವತ್ತು ಮಾರು

ಮಲ್ಪೆಯಲ್ಲಿ ನಮ್ಮನ್ನು ಹೆಸರು ಹಿಡಿದು ಕರೆಯುವುದಿಲ್ಲ.
'ಘಟ್ಟದ ಮೇಲಿನವರು' ಅಂದರೆ ಮುಗಿಯಿತು.
ನಾನೂ ಅದೇ, ಪಾಲಯ್ಯನೂ ಅದೇ,
ಕೊಪ್ಪಳದ ಹುಡುಗರಿಬ್ಬರೂ ಅದೇ.
ಹತ್ತು ದಿನದ ಡೀಸೆಲ್ಲು, ಹತ್ತು ದಿನದ ಐಸು,
ಒಂದು ಮೂಟೆ ಕುಚಲಕ್ಕಿ. ಅದನ್ನು ಮಾತ್ರ
ಪಾಲಯ್ಯ ಕೊನೆವರೆಗೂ ಒಪ್ಪಲಿಲ್ಲ.
ಊರಿನ ಶೇಂಗಾ ತಂದು ತಲೆದಿಂಬಿನಡಿ ಇಟ್ಟುಕೊಂಡು
ಬಲೆ ಎತ್ತುವ ನಡುವೆ ಸುಲಿದು ತಿನ್ನುತ್ತಿದ್ದ,
ಸಿಪ್ಪೆ ನೀರಿಗೆ.
ಅದು ತೇಲುವುದನ್ನೇ ನೋಡುತ್ತ ಹೇಳುವನು:
'ಮಾರಿಕಣಿವೆಗೂ ಸಾಗರ ಅಂತಾರೆ ನಮ್ಮ ಕಡೆ.
ಆಚೆ ದಡದಾಗೆ ಎಮ್ಮೆ ಕಾಣ್ತವೆ.
ಇದೆಂಥ ಸಾಗರಾನೋ,
ಒಂದು ಎಮ್ಮೆನೂ ಇಲ್ಲ.'

ಮೂರು ತಾಸಿಗೊಮ್ಮೆ ಬಲೆ. ಹಗಲಿಲ್ಲ, ರಾತ್ರಿಯಿಲ್ಲ.
ಬೊಂಡಾಸು ಒಂದು ಬುಟ್ಟಿ, ರಾಣಿಮೀನು ಒಂದು ಬುಟ್ಟಿ,
ಉಳಿದ ಕಸವೆಲ್ಲ ಫಿಶ್‌ಮೀಲಿಗೆ.
ತೇಡೆಯ ಮುಳ್ಳು ಅಂಗೈಯಲ್ಲಿ ಮುರಿದರೆ
ಡೀಸೆಲ್ ಸವರಿ ಮತ್ತೆ ಕೂರಬೇಕು.
ಮೂರನೇ ಬಲೆಗೆ ಎದ್ದಾಗ ಪಾಲಯ್ಯ ಇದ್ದ.
ನಾಲ್ಕನೆಯದಕ್ಕೆ ಅವನ ಚಾಪೆ ಬೆಚ್ಚಗಿತ್ತು.

ಅವನು ಈಜು ಕಲಿತದ್ದು ಕಣಿವೆಯ ಕಾಲುವೆಯಲ್ಲಿ.
ಸುಸ್ತಾದರೆ ಎದ್ದು ನಿಲ್ಲಬಹುದಾದ ನೀರು.

ತಾಂಡೇಲ ಬೋಟು ತಿರುಗಿಸಿದ. ಇದನ್ನು ಹೇಳಲೇಬೇಕು, ತಿರುಗಿಸಿದ.
ಬೆಳಗಾಗುವವರೆಗೆ ದೀಪ ಹಾಕಿ ಸುತ್ತಿದೆವು.
ವೈರ್‌ಲೆಸ್ಸಿನಲ್ಲಿ ಕೂಗಿದ್ದಕ್ಕೆ ಇನ್ನೂ ನಾಲ್ಕು ಬೋಟು ಬಂದವು.
ಆಮೇಲೆ ಜಿಪಿಎಸ್ಸಿನಲ್ಲಿ ಒಂದು ಗುಂಡಿ ಒತ್ತಿದ,
ಮೀನು ಚೆನ್ನಾಗಿ ಬಿದ್ದ ಕಡೆಯೆಲ್ಲ ಒತ್ತುತ್ತಾನಲ್ಲ, ಅದೇ ಗುಂಡಿ.
ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು
ಉಳಿದ ಚುಕ್ಕಿಗಳ ಜೊತೆ.
ಆ ಅಂಕಿಗಳನ್ನು ನಾನು ಐಸ್ ಪ್ಲಾಂಟಿನ ಚೀಟಿಯ ಹಿಂದೆ ಬರೆದುಕೊಂಡೆ.
ಯಾಕೆ ಅಂತ ಆಗ ಗೊತ್ತಿರಲಿಲ್ಲ.

ಮಳೆಗಾಲದ ರಜೆ. ಬೋಟುಗಳು ದಕ್ಕೆಗೆ ಒರಗಿ ನಿಂತವು.
ಪಾಲಯ್ಯನ ಪಾಲು ಲೆಕ್ಕ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ
ನನ್ನ ಕೈಗೇ ಕೊಟ್ಟರು: 'ನಿಮ್ಮ ಕಡೆಯವನಲ್ಲವಾ.'
ನನ್ನ ಹೊಳಲ್ಕೆರೆಗೂ ಅವನ ಹಿರಿಯೂರಿಗೂ ನಡುವೆ ಎರಡು ಬಸ್ಸು.
ಕಡಲಿನಿಂದ ನೋಡಿದರೆ ಅದೆಲ್ಲ ಕಾಣುವುದಿಲ್ಲ.

ಹಿರಿಯೂರಲ್ಲಿ ಇಳಿದಾಗ ನೆಲ ತೂಗುತ್ತಿತ್ತು.
ನೆಲವಲ್ಲ, ನಾನು. ಮೊದಲ ವಾರ ಹಾಗೇ.
ಬೋರಮ್ಮ ಜಗಲಿಯಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದಳು.
ಸುದ್ದಿ ಮುಟ್ಟಿ ಮೂರು ತಿಂಗಳು. ಅಳು ಮುಗಿದಿತ್ತು, ಅಥವಾ
ನನ್ನೆದುರಿಗೆ ಬೇಡ ಅಂತಿತ್ತು.
ದುಡ್ಡನ್ನು ಎಣಿಸದೆ ಹೂವಿನ ಬುಟ್ಟಿಯ ಅಡಿಗೆ ತುರುಕಿದಳು.
ಚೀಟಿಯನ್ನು ಮಾತ್ರ ತಿರುವಿ ತಿರುವಿ ನೋಡಿದಳು.
'ಇದೇನು ನಂಬ್ರು?'
'ಅವನಿರೋ ಜಾಗ.'
'ಮನೆ ನಂಬ್ರು ಇದ್ದಂಗಾ?'
'ಹೂಂ. ಹಂಗೇ.'
'ಆಳ ಎಷ್ಟೈತಣ್ಣ ಅಲ್ಲಿ?'
'ನಲವತ್ತು ಮಾರು.'

ಬೇರೆ ಯಾರಾದರೂ ಸುಮ್ಮನೆ ತಲೆಯಾಡಿಸುತ್ತಿದ್ದರು.
ಮಾರು ಅಂದರೆ ಅವಳ ಕಸುಬು.
'ಹೋದ ಗೌರಿಹಬ್ಬಕ್ಕೆ ನಲವತ್ತು ಮಾರು ಮಾರಿದ್ದೆ ಒಬ್ಬಳೇ,' ಅಂದು
ಕಟ್ಟಿದ ಹೂವಿನ ತುದಿಯನ್ನು ಎಡಗೈಯಲ್ಲಿ ಹಿಡಿದು
ಎರಡೂ ತೋಳು ಅಗಲಿಸಿದಳು.
ಒಂದು.
ಮತ್ತೆ ಅಗಲಿಸಿದಳು. ಎರಡು.
ಹಳದಿ ಹೂವು ಜಗಲಿಯಿಂದಿಳಿದು, ಮೆಟ್ಟಿಲು ದಾಟಿ
ಬೀದಿಯಲ್ಲಿ ಮಲಗಿತು. ಹನ್ನೊಂದು. ಹನ್ನೆರಡು.
ಒಂದು ಸ್ಕೂಟರು ನಿಂತು ನೋಡಿ, ಪಕ್ಕಕ್ಕೆ ಸರಿದು ಹೋಯಿತು.
ಇಪ್ಪತ್ತಾರಕ್ಕೆ ಕಟ್ಟಿದ್ದು ಮುಗಿಯಿತು.
ಬುಟ್ಟಿಯಲ್ಲಿ ಬಿಡಿಹೂವು ಇನ್ನೂ ಇತ್ತು.
'ಇನ್ನು ಹದಿನಾಲ್ಕು,' ಅಂದು ಮತ್ತೆ ಕೂತು ದಾರ ಹಿಡಿದಳು,
'ಒಳಗೆ ಟೀ ಐತೆ, ಬಗ್ಗಿಸ್ಕೊಂಡು ಕುಡಿ.'

ಕುಡಿದೆ.
ನಮ್ಮ ತಾಂಡೇಲ ಆರಡಿ ಆಳು. ಅವನ ಮಾರು
ಬೋರಮ್ಮನ ಮಾರಿಗಿಂತ ಒಂದು ಗೇಣು ಉದ್ದ.
ಅವಳು ನಲವತ್ತೂ ಕಟ್ಟಿ ಮುಗಿಸಿದರೂ
ತಳ ಮುಟ್ಟಲು
ನಲವತ್ತು ಗೇಣು ಕಮ್ಮಿ ಬೀಳುತ್ತದೆ.
ಲೋಟ ತೊಳೆದು ಬೋರಲು ಹಾಕಿದೆ.
ಹೇಳಲಿಲ್ಲ.